ಹೆಚ್ಚಿಗೆ ಬಂದ ಎರಡು ಚುಕ್ಕಿ

ಫೆಬ್ರವರಿ ೩, ಸೋಮವಾರ

ನಮ್ಮ ಮೇನ್‌ಫ್ರೇಮಿಗೆ ಇವತ್ತಿನಿಂದ ಹೊಸ ಆಪರೇಟಿಂಗ್ ಸಿಸ್ಟಮ್. ದೊಡ್ಡ ಕಂಪ್ಯೂಟರಿನ ಪೆಟ್ಟಿಗೆ ಅದೇ, ಒಳಗಿನ ಆಡಳಿತ ಬೇರೆ. ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಬೀಗದ ಕೈ ಬಂದ ಹಾಗೆ. ಪಾತ್ರೆಗಳು ಅವೇ, ಇಡುವ ಜಾಗ ಮಾತ್ರ ದೇವರಿಗೇ ಗೊತ್ತು. ತಿಂಗಳ ಕೊನೆಯವರೆಗೆ ಹಳೆಯದೂ ಹೊಸದೂ ಅಕ್ಕಪಕ್ಕ ಓಡುತ್ತವೆ. ಎರಡರ ಉತ್ತರವೂ ಒಂದೇ ಆದರೆ ಹಳೆಯದಕ್ಕೆ ಹಾರ, ಹೊಸದಕ್ಕೆ ಭಾರ. ಪ್ರಾಸ ನನ್ನ ಹಳೆಯ ಚಟ, ಮನೆಯಲ್ಲಿ ನನ್ನ ಹೆಸರೇ ಪ್ರಾಸಮ್ಮ.

ನಮ್ಮದು ನೀರು ಸರಬರಾಜು ಮಂಡಳಿಯ ಕಂಪ್ಯೂಟರ್ ವಿಭಾಗ. ನಲ್ಲಿಯಲ್ಲಿ ನೀರು ಬರಲಿ ಬಿಡಲಿ, ನಮ್ಮ ಪ್ರಿಂಟರುಗಳಲ್ಲಿ ಕಾಗದ ಧಾರಾಳವಾಗಿ ಹರಿಯುತ್ತದೆ. ಆ ಕಾಗದದ ಹೊಳೆಯ ಕಾವಲು ನನ್ನದು.

ಕೆಲಸ ಮಾಡಿಸಲು ಸಿಸ್ಟಮ್ ಕೊಟ್ಟ ಕಂಪನಿಯ ಇಂಜಿನಿಯರ್ ಬಂದಿದ್ದಾನೆ. ನನ್ನದೇ ವಯಸ್ಸು, ನನಗಿಂತ ಕಮ್ಮಿ ಕೂದಲು. ಏನು ಕೇಳಿದರೂ "ಅದು ಡೀಫಾಲ್ಟ್ ಮೇಡಂ" ಅನ್ನುತ್ತಾನೆ. ಡೀಫಾಲ್ಟ್ ಅಂದರೆ ನಾವು ಬಾಯಿಬಿಟ್ಟು ಏನೂ ಹೇಳದಿದ್ದಾಗ ಯಂತ್ರ ತಾನೇ ಅಂದುಕೊಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಡೀಫಾಲ್ಟಪ್ಪ ಅಂತ ಹೆಸರಾಗಿತ್ತು. ನಮ್ಮ ಸಾಹೇಬರಿಗೆ ಮೊದಲೇ ಹೆಸರಿದೆ: ಆಗಲಿ ಸಾಹೇಬರು. ರಜೆ ಕೇಳಿದರೂ ಆಗಲಿ, ರಾಜೀನಾಮೆ ಕೊಟ್ಟರೂ ಆಗಲಿ.

ಮನೆಗೆ ಬಂದಾಗ ಅಕ್ಕ ಕಿಟಕಿಯ ಪಕ್ಕ ಬ್ರೈಲ್ ಪುಸ್ತಕದ ಮೇಲೆ ಬೆರಳು ಓಡಿಸುತ್ತಿದ್ದಳು.

"ಓದ್ತಿದೀಯಾ?"

"ಇಲ್ಲ, ಪುಸ್ತಕಕ್ಕೆ ಕಚಗುಳಿ ಇಡ್ತಿದೀನಿ."

ಸಕ್ಕರೆ ಕಾಯಿಲೆ ಅಕ್ಕನ ಕಣ್ಣನ್ನು ಪೂರ್ತಿ ತಿಂದು ವರ್ಷವಾಯಿತು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು. ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆಯುವಂತಾದ ದಿನ ಕೆಲಸ ಬಿಟ್ಟು ನನ್ನ ಮನೆಗೆ ಬಂದಳು. ವಾರಕ್ಕೊಮ್ಮೆ ಚುಕ್ಕಿ ಟೀಚರ್ ಬಂದು ಬ್ರೈಲ್ ಕಲಿಸುತ್ತಾರೆ. ಅವರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಈಗ ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಬರುವುದು ಮಾರ್ಚ್ ಮಧ್ಯಕ್ಕೆ. ಹೋಗುವ ಮುಂಚೆ ಅಕ್ಕನಿಗೆ ಒಂದು ಮಾತು ಹೇಳಿದರಂತೆ: "ಈ ಪುಸ್ತಕ ನಿಮಗೆ ಬಾಯಿಪಾಠ ಆಗಿಹೋಗಿದೆ. ಓದ್ತಿರೋದು ಬೆರಳಲ್ಲ, ನೆನಪು. ಗೊತ್ತಿಲ್ಲದ್ದು ಏನಾದ್ರೂ ಓದಿ."

ಬ್ರೈಲಿನಲ್ಲಿ ಬೇಕೆಂದವರಿಗೆ ನಮ್ಮ ಮಂಡಳಿ ಚುಕ್ಕಿಯಲ್ಲೇ ಸೂಚನೆ ಕಳಿಸುತ್ತದೆ. ಪರೀಕ್ಷೆಗೆ ಅಚ್ಚಾದ ಹಾಳೆಗಳನ್ನು ತರುತ್ತೇನೆ ಅಂದೆ.

"ನೀರು ಬರಲ್ಲ ಅನ್ನೋ ಸುದ್ದೀನ ಕೈಯಾರೆ ಓದ್ಕೋಬೇಕಾ?" ಅಂದಳು. ಆದರೂ ಮುಖ ಅರಳಿತ್ತು.

ಬಸ್ಸಲ್ಲಿ ಸೀಟು ಸಿಕ್ಕಿತು, ಬೆನ್ನಿಗೆ ಒರಗು ದಕ್ಕಿತು. ಇಷ್ಟಕ್ಕೆ ಕೃತಜ್ಞಳು.

ಫೆಬ್ರವರಿ ೬, ಗುರುವಾರ

ಯಂತ್ರದೊಳಗೆ ಅಕ್ಷರ ಅಂತ ಏನೂ ಇಲ್ಲ, ಇರುವುದೆಲ್ಲ ಅಂಕಿ. ಯಾವ ಅಂಕಿ ಯಾವ ಅಕ್ಷರ ಅನ್ನುವುದಕ್ಕೆ ಒಂದು ಕೋಷ್ಟಕ. ಈ ಸಲ ಅಚ್ಚಿನ ಕೆಲಸಕ್ಕೇ ಹೊಸ ಸಬ್‌ಸಿಸ್ಟಮ್ ಬಂದಿದೆ. ಅದು ಯಾವ ಕೋಷ್ಟಕ ನೋಡುತ್ತದೆ ಅಂತ ಡೀಫಾಲ್ಟಪ್ಪನನ್ನು ಕೇಳಿದೆ.

"ನಾವು ಹೇಳದಿದ್ರೆ ಡೀಫಾಲ್ಟ್ ತಗೊಳ್ಳುತ್ತೆ ಮೇಡಂ."

"ಹಳೇದೂ ಅದನ್ನೇ ತಗೋತಿತ್ತಾ?"

"ಹೆಚ್ಚುಕಮ್ಮಿ."

ಹೆಚ್ಚುಕಮ್ಮಿ ಅನ್ನುವ ಅಳತೆ ಅಡುಗೆಮನೆಗೆ ಸರಿ. ಆದರೆ ಪರೀಕ್ಷೆಯ ಫಲಿತಾಂಶ ಮುಂದಿತ್ತು. ಹಳೆಯ ಕಡತ, ಹೊಸ ಕಡತ ಎರಡನ್ನೂ ಹೋಲಿಸಿ ನೋಡುವ ಪ್ರೋಗ್ರಾಮು "ವ್ಯತ್ಯಾಸ ಇಲ್ಲ" ಎಂದು ಘೋಷಿಸಿತ್ತು. ಬಿಲ್ಲು, ಸೂಚನೆ, ವಿಳಾಸದ ಚೀಟಿ ಎಲ್ಲವನ್ನೂ ಕಣ್ಣಲ್ಲೂ ನೋಡಿದೆವು. ಒಂದು ಕೊಂಬು, ಒಂದು ಒತ್ತು ಆಚೀಚೆ ಆಗಿಲ್ಲ.

ಮೂಲೆಯಲ್ಲಿ ಚುಕ್ಕಿ ಒತ್ತುವ ಪ್ರಿಂಟರ್ ಇದೆ. ಅದು ಓಡುವಾಗ ಪಕ್ಕದ ಕೋಣೆಯ ಲೆಕ್ಕದವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಅದರ ಹಾಳೆಗಳನ್ನೂ ನೋಡಿದೆವು. ಸಾಲು ಎಣಿಸಿದೆವು, ಅಂಚು ಅಳೆದೆವು, ಬೆಳಕಿಗೆ ಹಿಡಿದೆವು. ಚುಕ್ಕಿ ಬಿದ್ದಿದೆ, ಹಾಳೆ ಹರಿದಿಲ್ಲ. ಸರಿ ಗುರುತು ಹಾಕಿ ಸಹಿ ಮಾಡಿದೆ. ಹೊಸ ಸಿಸ್ಟಮಿನ ಒಂದು ಕಟ್ಟು ಹಾಳೆ ಅಕ್ಕನಿಗೆ ಅಂತ ಚೀಲಕ್ಕೆ ಹಾಕಿಕೊಂಡೆ.

ಸಾಹೇಬರನ್ನು ಕೇಳಿಯೇ ತಂದದ್ದು. "ಆಗಲಿ" ಅಂದರು.

ಫೆಬ್ರವರಿ ೮, ಶನಿವಾರ

ಇವತ್ತು ಅಕ್ಕನ ಮೊದಲ ಸ್ವತಂತ್ರ ಓದು. ಅದೇ ಸೂಚನೆಯ ಮಾಮೂಲಿ ಅಚ್ಚಿನ ಪ್ರತಿ ಹಿಡಿದು, ಯಾವ ಅಕ್ಷರಕ್ಕೆ ಎಷ್ಟು ಚುಕ್ಕಿ ಅಂತ ಪುಸ್ತಕದ ಹಿಂದಿನ ಕೋಷ್ಟಕ ನೋಡಿಕೊಂಡು ನಾನು ಪಕ್ಕದಲ್ಲಿ ಕೂತೆ, ಎಡವಿದಲ್ಲಿ ಕೈಹಿಡಿಯೋಣ ಅಂತ.

"ಬರುವ... ಒಂದು ಚುಕ್ಕಿ... ಆನುವಾರ. ಇದ್ಯಾವ ವಾರವೇ ಆನುವಾರ? ನಾನು ಕಣ್ಣು ಕಳ್ಕೊಂಡ ಮೇಲೆ ಹೊಸದಾಗಿ ಸೇರಿಸಿದ್ದಾ?"

"ಭಾನುವಾರ ಅಕ್ಕ. 'ಭ'ಗೆ ಎರಡು ಚುಕ್ಕಿ. ಒಂದು ನಿನ್ನ ಬೆರಳಿಗೆ ಸಿಕ್ಕಿಲ್ಲ."

"ಒಂದೇ ಇದೆ ಕಣೇ."

"ಮೆತ್ತಗೆ ಇನ್ನೊಂದ್ಸಲ ನೋಡು."

ನೋಡಿದಳು. ಒಂದೇ ಅಂದಳು. ಮುಂದಿನ ಸಾಲಿನ 'ಭಾಗ', ಅದರ ಕೆಳಗಿನ 'ಭರ್ತಿ', ಎಲ್ಲದರಲ್ಲೂ ಅದೇ ಕಥೆ. 'ಸೌಲಭ್ಯ' ಅನ್ನುವಲ್ಲಂತೂ ಬೆರಳು ಕೆಸರಲ್ಲಿ ಸಿಕ್ಕ ಗಾಡಿಯ ಹಾಗೆ ನಿಂತುಬಿಟ್ಟಿತು. ನಾನೇ ಹೇಳಿಕೊಟ್ಟೆ. ಬೇಗ ಬೇಗ ಹೇಳಿಕೊಟ್ಟದ್ದರಿಂದ ಪುಟ ಬೇಗ ಮುಗಿಯಿತು.

ಪರವಾಗಿಲ್ಲ, ಅರ್ಧ ಅವಳು ಓದಿದಳು, ಅರ್ಧ ನಾನು. ಒಳ್ಳೆಯ ಆರಂಭ. ಇಷ್ಟು ವರ್ಷ ಸೂಜಿಯ ಹಿಂಬದಿ ಒತ್ತಿ ಒತ್ತಿ ಬೆರಳ ತುದಿ ಗಟ್ಟಿಯಾಗಿರಬೇಕು, ಅದಕ್ಕೇ ಹೀಗೆ ಅಂತ ಸಮಾಧಾನ ಹೇಳಿದೆ.

"ಗಟ್ಟಿಯಾಗಿದ್ರೆ ಪುಸ್ತಕದಲ್ಲಿ ಹೇಗೆ ಓದ್ದೆ?"

"ಅದು ಬಾಯಿಪಾಠ ಅಂತ ಟೀಚರೇ ಹೇಳಿದಾರಲ್ಲ."

ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಫೆಬ್ರವರಿ ೯, ಭಾನುವಾರ

ಆನುವಾರ. ನಗೋಣ ಅಂತ ಹಾಗಂದೆ. ಅವಳು ನಗಲಿಲ್ಲ.

ಫೆಬ್ರವರಿ ೧೩, ಗುರುವಾರ

ಅರ್ಧ ದಿನ ರಜೆ ಹಾಕಿ ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಡುಸಾದ ನೈಲಾನ್ ಎಳೆಯೊಂದನ್ನು ಬೆರಳ ತುದಿಗಳಿಗೆ ತಾಗಿಸಿ, "ಗೊತ್ತಾಗುತ್ತಾ? ಈಗ?" ಅಂತ ಕೇಳುತ್ತ ಹೋದರು.

"ಸಕ್ಕರೆ ಕಣ್ಣಲ್ಲೇ ನಿಲ್ಲಲ್ಲಮ್ಮ, ನರಕ್ಕೂ ಇಳಿಯುತ್ತೆ. ಎಡಗೈ ಕಿರುಬೆರಳು ಸ್ವಲ್ಪ ಮಂದವಾಗಿದೆ. ಬಲಗೈ ಈಗಲೇ ಹೇಳೋಕಾಗಲ್ಲ. ಚುಕ್ಕಿ ಬಿಟ್ಟುಹೋಗ್ತಿದೆ ಅಂತೀರಲ್ಲ, ಅದು ಅಷ್ಟು ಒಳ್ಳೇ ಲಕ್ಷಣ ಅಲ್ಲ. ಮುಂದಿನ ತಿಂಗಳು ಇನ್ನೊಂದ್ಸಲ ನೋಡೋಣ."

ಅಕ್ಕ ಕೇಳಿದಳು: "ಡಾಕ್ಟ್ರೇ, ಕಣ್ಣು ಹೋಯ್ತು ಅಂತ ಬೆರಳಿಗೆ ಬಂದೆ. ಬೆರಳೂ ಹೋದ್ರೆ ಎಲ್ಲಿಗೆ ಹೋಗ್ಲಿ?"

ಡಾಕ್ಟರು ಮಾತ್ರೆ ಬರೆದುಕೊಟ್ಟರು.

ಬರುವಾಗ ಮೆಟ್ಟಿಲ ಹತ್ತಿರ ನಾನು ಅವಳ ತೋಳು ಹಿಡಿದೆ. ಎಂದಿನಂತೆ ಬೈಯಲಿಲ್ಲ, ಹಿಡಿಸಿಕೊಂಡಳು. ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

ಫೆಬ್ರವರಿ ೧೪, ಶುಕ್ರವಾರ

ಬರೆಯಲು ಏನಿಲ್ಲ. ಪ್ರಾಸವೂ ಇಲ್ಲ.

ಫೆಬ್ರವರಿ ೧೯, ಬುಧವಾರ

ಆಫೀಸಿನಲ್ಲಿ ಪೂರ್ವಾಭ್ಯಾಸ. ಹೊಸ ಸಿಸ್ಟಮಿಗೆ ದಾಟುವ ಮುಂಚೆ ಎಲ್ಲ ವಿಭಾಗದವರೂ ಮೇಜಿನ ಸುತ್ತ ಕೂರಬೇಕು. ಸಾಹೇಬರು ಒಂದೊಂದೇ ವಿಭಾಗ ಕೂಗುತ್ತಾರೆ, ಅದರ ಜವಾಬ್ದಾರಿ ಹೊತ್ತವರು "ಸರಿ" ಅನ್ನಬೇಕು. ಒಬ್ಬರು "ಇಲ್ಲ" ಅಂದರೂ ಅಲ್ಲಿಗೇ ನಿಲ್ಲುತ್ತದೆ. ಇಷ್ಟು ವರ್ಷದಲ್ಲಿ ಯಾರೂ ಇಲ್ಲ ಅಂದದ್ದು ನಾನು ಕೇಳಿಲ್ಲ. ಇದು ಹೆಚ್ಚುಕಮ್ಮಿ ಹಾಜರಿ ಕರೆದ ಹಾಗೆ.

"ಬಿಲ್ಲು?" "ಸರಿ." "ದೂರು?" "ಸರಿ." "ಅಚ್ಚು?"

"ಸರಿ" ಅಂದೆ. ಅಸಲಿ ಸಭೆ ಮುಂದಿನ ಬುಧವಾರ.

ಮನೆಯಲ್ಲಿ ಬ್ರೈಲ್ ಪುಸ್ತಕ ಬಟ್ಟೆಯ ಚೀಲದಲ್ಲಿತ್ತು, ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿತ್ತು.

"ಟೀಚರ್ ಬಂದಾಗ ಕೊಟ್ಟುಬಿಡು. ಬೇರೆ ಯಾರಿಗಾದ್ರೂ ಆಗುತ್ತೆ."

"ಫೋನ್ ಮಾಡಿ ಕೇಳ್ಲಾ ಅವರನ್ನ?"

"ಬೇಡ. ಬಾಣಂತಿ ಮನೆಗೆ ನನ್ನ ಬೆರಳಿನ ರಗಳೆ ಯಾಕೆ? ರೇಡಿಯೋ ಇದೆ. ಬೇಕಾದಷ್ಟು ಮಾತಾಡುತ್ತೆ, ಎದುರು ಮಾತಾಡಲ್ಲ. ನಿನಗಿಂತ ವಾಸಿ."

ಪಾತ್ರೆ ತೊಳೆಯುವಾಗ ನೀರನ್ನು ಜೋರಾಗಿ ಬಿಟ್ಟುಕೊಂಡೆ, ಸದ್ದಿಗೆ.

ಫೆಬ್ರವರಿ ೨೩, ಭಾನುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ನನಗೆ ಹಟ ಬಂತು. ಬಿಟ್ಟುಬಿಟ್ಟರೆ ಬೆರಳು ಇನ್ನೂ ಜಡ್ಡುಗಟ್ಟುತ್ತದೆ ಅಂತ ಹಾಳೆಗಳನ್ನು ಅವಳ ಮುಂದೆ ಹಾಕಿ ಕೂತೆ. ಅವಳು ಕೈ ಕಟ್ಟಿಕೊಂಡಳು.

"ಈ ಹಾಳೆ ಸರಿ ಇಲ್ಲ" ಅಂದಳು.

"ಹಾಳೆ ಸರಿ ಇದೆ ಅಕ್ಕ, ನಾನೇ ಸಹಿ ಹಾಕಿದೀನಿ."

"ಓಹೋ, ಬ್ರಹ್ಮಲಿಪಿಗೆ ನೀನೇ ಸಾಕ್ಷಿ."

ಆಗ ನನ್ನ ಬಾಯಿಂದ ಬರಬಾರದ್ದು ಬಂತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಶಾಲೆಯಲ್ಲಿ ವಕ್ರ ಹೊಲಿಗೆ ಹಾಕಿದವಳನ್ನು ಕರೆದು ನಿಲ್ಲಿಸಿಕೊಳ್ಳುತ್ತಿದ್ದಳಲ್ಲ, ಆ ದನಿಯಲ್ಲಿ, "ಬಾ ಇಲ್ಲಿ, ಕೂತ್ಕೋ" ಅಂದಳು. ನನ್ನ ತೋರುಬೆರಳು ಹಿಡಿದು ಹಾಳೆಯ ಮೇಲಿಟ್ಟಳು.

"ಇದು ಆ ನಿನ್ನ ಸೌಲಭ್ಯ. ಬ್ರೈಲಲ್ಲಿ ಸ್ವರ ಬಿಡಿಯಾಗಿ ಬರುತ್ತೆ, 'ಸ' ಆದಮೇಲೆ 'ಔ' ಬರಬೇಕು. ಔಗೆ ಎಷ್ಟು ಚುಕ್ಕಿ?"

"ಮೂರು."

"ನನಗೆ ಐದು ಸಿಗ್ತಿದೆ. ಮೊದಲ ದಿನದಿಂದ ಐದೇ ಸಿಗ್ತಿದೆ. ಭ ಬಂದಲ್ಲೆಲ್ಲ ಒಂದು ಚುಕ್ಕಿ ಬಿಟ್ಟೆ ಅಂದ್ಯಲ್ಲ, ಇರಬಹುದು ಅಂತ ಒಪ್ಕೊಂಡೆ. ಆದರೆ ಇದು? ಮಂದ ಬೆರಳು ಚುಕ್ಕಿ ನುಂಗುತ್ತೆ ಕಣೇ, ಹಡೆಯುತ್ತಾ?"

ನಾನು ಎದ್ದೆ.

ಹಾಳೆಯನ್ನು ಕಿಟಕಿಗೆ ಒಯ್ದು ಓರೆಯಾಗಿ ಹಿಡಿದೆ. ಬಿಳಿಯ ಹಾಳೆಯ ಮೇಲೆ ಬಿಳಿಯ ಚುಕ್ಕಿ. ಪಕ್ಕದಿಂದ ಬಿಸಿಲು ಬಿದ್ದರಷ್ಟೇ ನೆರಳು ಕಾಣುತ್ತದೆ. ಪುಸ್ತಕದ ಹಿಂದಿನ ಕೋಷ್ಟಕ ತೆರೆದಿಟ್ಟು ಎಣಿಸಿದೆ. ಐದು. ಮೇಲಿನ ಸಾಲಿನ ಭಾನುವಾರಕ್ಕೆ ಹೋದೆ. ಭ ಇರಬೇಕಾದಲ್ಲಿ ಒಂದೇ ಒಂದು ಚುಕ್ಕಿ, ಅದೂ ಬುಡದಲ್ಲಿ.

ಇಷ್ಟು ದಿನ ಅವಳ ಪಕ್ಕ ಕೂತು ನಾನು ನೋಡುತ್ತಿದ್ದದ್ದು ನನ್ನ ಕೈಯಲ್ಲಿದ್ದ ಅಚ್ಚಿನ ಪ್ರತಿಯನ್ನು. ಅವಳ ಹಾಳೆಯನ್ನು ಒಂದು ಸಲವೂ ನೋಡಿರಲಿಲ್ಲ. ಕಣ್ಣಿದ್ದವಳು ನಾನು.

"ಎಷ್ಟು?" ಅಂದಳು ಅಕ್ಕ.

"ಐದು."

ಅವಳು ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಳು, ಕಳೆದುಹೋಗಿ ಸಿಕ್ಕ ಮಗುವಿನ ಕೈ ಹಿಡಿದ ಹಾಗೆ.

ಫೆಬ್ರವರಿ ೨೪, ಸೋಮವಾರ

ಡೀಫಾಲ್ಟಪ್ಪ ಚೀಲ ಇಳಿಸುವ ಮೊದಲೇ ಹಿಡಿದೆ. ಉಗ್ರಾಣದಿಂದ ಹಳೆಯ ಸಿಸ್ಟಮಿನ ಬ್ರೈಲ್ ಹಾಳೆ ತರಿಸಿ ಹೊಸದರ ಪಕ್ಕ ಇಟ್ಟು ತೋರಿಸಿದೆ. ಪಾಪ, ವಾದ ಮಾಡಲಿಲ್ಲ. ಎರಡೂ ಸಬ್‌ಸಿಸ್ಟಮುಗಳ ಕೋಷ್ಟಕ ತೆರೆದು ಗೆರೆಗೆ ಗೆರೆ ನೋಡುತ್ತ ಕೂತ. ಅಕ್ಷರ ಅವೇ, ಅಂಕಿ ಅವೇ, ಎಲ್ಲ ಅವೇ. ಬೇರೆ ಇರುವುದು ಬೆರಳೆಣಿಕೆಯ ಚಿಹ್ನೆ: ಚೌಕ ಆವರಣದ ಎರಡು ಗುರುತು, ತಲೆಯ ಮೇಲಿಡುವ ಟೋಪಿಯಂಥ ಗುರುತು, ಹೀಗೆ. ನೀರಿನ ಬಿಲ್ಲಿನಲ್ಲಿ ಅವನ್ನು ಯಾರು ಬಳಸುತ್ತಾರೆ? ಅದಕ್ಕೇ ಕಣ್ಣಿಗೆ ಏನೂ ಕಾಣಲಿಲ್ಲ.

ಆದರೆ ಬ್ರೈಲಿನ ಒಂದೊಂದು ಚುಕ್ಕಿ ಗುಂಪೂ ಪ್ರಿಂಟರಿಗೆ ಹೋಗುವುದು ಒಂದೊಂದು ಚಿಹ್ನೆಯ ವೇಷದಲ್ಲಿ. ಔ ಹೋಗುವುದು ಚೌಕ ಆವರಣದ ವೇಷದಲ್ಲಿ, ಭ ಹೋಗುವುದು ಟೋಪಿ ಹಾಕಿಕೊಂಡು. ಹಳೆಯದು ಹಳೆಯ ಡೀಫಾಲ್ಟ್ ಕೋಷ್ಟಕ ನೋಡಿ ಅವುಗಳನ್ನು ಗುರುತು ಹಿಡಿಯುತ್ತಿತ್ತು. ಹೊಸದು ತನ್ನ ಡೀಫಾಲ್ಟ್ ನೋಡಿ ಬೇರೆ ಯಾರನ್ನೋ ಕಳಿಸಿತು. ಹೋಲಿಸುವ ಪ್ರೋಗ್ರಾಮು ಸುಳ್ಳು ಹೇಳಿಲ್ಲ. ಕಡತದಲ್ಲಿ ಅಂಕಿಗಳು ಒಂದೇ. ಅದಲು ಬದಲಾದದ್ದು ಕಡತದಿಂದ ಪ್ರಿಂಟರಿಗೆ ಹೊಸಿಲು ದಾಟುವಾಗ.

"ಇದನ್ನ ಯಾರು ಹಿಡಿದಿದ್ದು ಮೇಡಂ?"

"ನಮ್ಮಕ್ಕ."

"ಯಾವ ಕಂಪನಿ ಅವರು?"

"ಹೊಲಿಗೆ ಟೀಚರ್."

ಬೋಳು ತಲೆ ಕೆರೆದುಕೊಂಡ.

ಯಂತ್ರದ ತಪ್ಪು ಸಿಕ್ಕಿತು ಸರಿ. ಆದರೆ ಅಕ್ಕನ ಬೆರಳು? ಸರಿಯಾದ ಹಾಳೆ ಕೊಟ್ಟರೂ ಎಡವಿದರೆ? ದಾರಿಯುದ್ದಕ್ಕೂ ಅದೇ ಯೋಚನೆ. ಹಳೆಯ ಸಿಸ್ಟಮಿನಲ್ಲಿ ಅಚ್ಚಾದ, ನಾನೂ ಓದಿರದ ಒಂದು ಹಾಳೆ ತಂದಿದ್ದೆ. ಅಚ್ಚಿನ ಪ್ರತಿಯನ್ನು ಬೇಕೆಂದೇ ಆಫೀಸಿನಲ್ಲಿ ಬಿಟ್ಟಿದ್ದೆ. ಹೇಳಿಕೊಡೋಣ ಅಂದರೂ ನನಗೆ ಗೊತ್ತಿರಬಾರದು.

ಅಕ್ಕ ಕೈ ತೊಳೆದು, ಒರೆಸಿ, ಕೂತಳು.

"ಮೇಲ್... ಭಾ... ಮೇಲ್ಭಾಗದ. ಮನೆಗಳಿಗೆ. ಭಾ, ನು, ವಾರ." ನಿಲ್ಲಿಸಿದಳು. ಬೆರಳು ಹಿಂದೆ ಹೋಗಿ ಮತ್ತೆ ಬಂತು. "ಎರಡಿದೆ. ಭಾನುವಾರ. ನೀರಿನ... ಸೌ... ಮೂರು ಚುಕ್ಕಿ ಕಣೇ! ಸೌ, ಲ, ಭ್ಯ."

ಟೀ ಮಾಡಿ ಕುಡಿಯುವಷ್ಟು ಹೊತ್ತು ಹಿಡಿಯಿತು ಆ ನಾಲ್ಕು ಸಾಲಿಗೆ. ಟೀ ಯಾರೂ ಮಾಡಲಿಲ್ಲ.

"ನೆಲ ಡೊಂಕಿತ್ತು ಅಲ್ವೇನೇ, ಪ್ರಾಸಮ್ಮ?"

"ಹೂಂ. ತಪ್ಪಾಯ್ತು."

"ಜೋರಾಗಿ ಹೇಳು. ಕಣ್ಣಿನ ಜೊತೆ ಕಿವೀನೂ ಹೋಗಿದೆ ಅಂದ್ಕೋ."

ಜೋರಾಗಿ ಹೇಳಿದೆ. ಪಕ್ಕದ ಮನೆಯವರು ಗೋಡೆ ಬಡಿದರು. ಇಬ್ಬರಿಗೂ ನಗು ಬಂತು, ಆಮೇಲೆ ಅಳು ಬಂತು. ಮೊದಲು ನಿಲ್ಲಿಸಿದವಳು ಅವಳೇ.

ಯಾರಿಗೆ ಅಂತ ಗೊತ್ತಿಲ್ಲ. ಯಾರಾದರೂ ಸರಿ, ಅವರಿಗೆ ನಮಸ್ಕಾರ.

ಫೆಬ್ರವರಿ ೨೬, ಬುಧವಾರ

ಅಸಲಿ ಸಭೆ. ಕಂಪನಿಯ ದೊಡ್ಡವರು ಫೋನಿನಲ್ಲಿದ್ದರು. ವಿಷಯ ಅವರಿಗೆ ಆಗಲೇ ಮುಟ್ಟಿತ್ತು.

"ಬ್ರೈಲ್ ಹೋಗೋದು ಒಂದು ಹಿಡಿ ಮನೆಗೆ. ಊರಿಗೆ ಊರೇ ಕಾಯ್ತಿದೆ. ಮೊದಲು ದಾಟೋಣ, ಆಮೇಲೆ ಸರಿಪಡಿಸೋಣ" ಅಂತ ಮೇಜಿನ ಮೇಲಿನ ಫೋನ್ ಪೆಟ್ಟಿಗೆಯೊಳಗಿಂದ ದನಿ ಬಂತು. ಲೆಕ್ಕದವರು ತಲೆ ಆಡಿಸಿದರು. ನಾನು ನೀರು ಕುಡಿದೆ. ನನ್ನದು ಯಾವತ್ತೂ ಸರಿ ಅನ್ನುವ ಜೀವ. ಇಷ್ಟು ದೊಡ್ಡ ಮೇಜಿನ ಮುಂದೆ ಪ್ರಾಸ ಬಿಟ್ಟು ಬೇರೇನೂ ಜೋರಾಗಿ ಹೇಳಿದವಳಲ್ಲ.

"ಬಿಲ್ಲು?" "ಸರಿ." "ದೂರು?" "ಸರಿ." "ಅಚ್ಚು?"

"ಇಲ್ಲ."



"ಯಾಕಮ್ಮ?" ಅಂದರು ಸಾಹೇಬರು.

"ಸಾರ್, ಮುಂದಿನ ಸೂಚನೆ ಭಾನುವಾರ ನೀರಿಲ್ಲ ಅಂತ. ಆ ಹಿಡಿ ಮನೆಗಳಿಗೆ ಹೋಗೋ ಹಾಳೆಯಲ್ಲಿ ಭಾನುವಾರ ಅನ್ನೋ ಮಾತೇ ಇರಲ್ಲ. ಅವರು ಪ್ರಿಂಟರ್ ತಪ್ಪು ಅಂದ್ಕೊಳ್ಳಲ್ಲ ಸಾರ್. ನನ್ನ ಬೆರಳೇ ಹೋಯ್ತು ಅಂದ್ಕೋತಾರೆ. ನಮ್ಮ ಮನೇಲಿ ಹಾಗೇ ಆಗಿದೆ."

ಪೆಟ್ಟಿಗೆಯ ದನಿ ಏನೋ ಹೇಳಹೊರಟಿತು. ಆಗ ಡೀಫಾಲ್ಟಪ್ಪ ಎದ್ದು ನಿಂತ. ತನ್ನ ಮೇಲಿನವರ ಮಾತಿಗೆ ಅಡ್ಡ ಬಂದ. "ಮೇಡಂ ಹೇಳೋದು ಸರಿ. ಕೋಷ್ಟಕ ಯಾವುದು ಅಂತ ನಾವು ಬಾಯಿಬಿಟ್ಟು ಹೇಳಬೇಕಿತ್ತು. ಡೀಫಾಲ್ಟ್ ನನ್ನದು, ತಪ್ಪೂ ನನ್ನದು. ಒಂದು ವಾರ ಕೊಡಿ."

ಸಾಹೇಬರು ಕನ್ನಡಕ ತೆಗೆದರು. ಎಲ್ಲರೂ 'ಆಗಲಿ'ಗೆ ಕಾದೆವು, ಯಾರ ಪರವಾಗಿ ಆಗಲಿ ಅನ್ನುವುದಷ್ಟೇ ಪ್ರಶ್ನೆ.

"ಹಾಗಾದ್ರೆ ಇವತ್ತು ಆಗಲ್ಲ" ಅಂದರು, ಪೆಟ್ಟಿಗೆಯ ಕಡೆ ತಿರುಗಿ. "ಮುಂದಿನ ಬುಧವಾರ. ಬ್ರೈಲ್ ಓದೋರು ಒಬ್ಬರು ಓದಿ ನೋಡಿದ ಮೇಲೆ." ಆಮೇಲೆ ನನ್ನ ಕಡೆ: "ನಿಮ್ಮ ಅಕ್ಕ ಬರ್ತಾರಾ?"

ಮೂವತ್ತು ಜನರ ಒಂದು ವಾರದ ಕೆಲಸ ತಿರುವಿ ಹಾಕಿ ಬಂದಿದ್ದೇನೆ. ಬೈಯುತ್ತಾರೆ ಅಂದುಕೊಂಡಿದ್ದೆ. ದೂರು ವಿಭಾಗದವಳು ನನ್ನ ಮೇಜಿನ ಮೇಲೆ ಬಿಸ್ಕೆಟ್ಟಿನ ಪೊಟ್ಟಣ ಇಟ್ಟು ಹೋಗಿದ್ದಳು. ಡೀಫಾಲ್ಟಪ್ಪನಿಗೆ ಅರ್ಧ ಕೊಟ್ಟೆ. ಇನ್ನು ಮೇಲೆ ಅವನನ್ನು ಇಂಜಿನಿಯರ್ ಅಂತಲೇ ಬರೆಯಬೇಕು.

ಮಾರ್ಚ್ ೧, ಶನಿವಾರ

ಅಕ್ಕ ಬೆಳಿಗ್ಗೆಯಿಂದ ಯಾವ ಸೀರೆ ಅಂತ ತಲೆ ತಿನ್ನುತ್ತಿದ್ದಾಳೆ. ಹೋಗುವುದು ಇನ್ನೂ ಬುಧವಾರ.

"ನೀಲಿ ಯಾವುದು, ಹಸಿರು ಯಾವುದು ಅಂತ ನಾನೇ ಗುರುತು ಹೊಲ್ಕೊಂಡಿದೀನಿ, ಅಂಚಿನ ಒಳಗಡೆ. ನೀನು ಬಂದು ಕಲಸಬೇಡ."

ಯಾವಾಗ ಹೊಲಿದುಕೊಂಡಳೋ. ನಾನು ಕೇಳಿಕೊಂಡು ನಗುತ್ತಿದ್ದೆ ಅಷ್ಟೆ. ಸೂಜಿಗೆ ದಾರ ಯಾರು ಪೋಣಿಸಿದ್ದು ಅಂತ ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ.

ಮಾರ್ಚ್ ೫, ಬುಧವಾರ

ಮಷೀನ್ ರೂಮಿನ ಚಳಿಗೆ ಅಕ್ಕ ಸೆರಗು ಹೊದ್ದುಕೊಂಡಳು. "ಇಷ್ಟು ತಣ್ಣಗಿಟ್ಟಿದೀರಲ್ಲ, ಒಳಗೆ ಏನಿಟ್ಟಿದೀರಿ, ಹೆಣಾನಾ?" ಇಂಜಿನಿಯರಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಮಾಡಿದ್ದು ಒಂದು ಸಾಲಿನ ಕೆಲಸ. ಇಂಥ ಕೋಷ್ಟಕವನ್ನೇ ನೋಡು ಅಂತ ಹೊಸ ಸಬ್‌ಸಿಸ್ಟಮಿಗೆ ಸ್ಪಷ್ಟವಾಗಿ ಹೇಳಿದ್ದು. ಉಳಿದ ಇಡೀ ವಾರ ಆ ಸಾಲು ಬೇರೆ ಏನನ್ನೂ ಕೆಡಿಸಿಲ್ಲ ಅಂತ ನೋಡಿದ್ದು. ಮೂಲೆಯ ಪ್ರಿಂಟರ್ ಗಡಗಡ ಶುರುಮಾಡಿತು. ಬಂದ ಹಾಳೆಯನ್ನು ಇಂಜಿನಿಯರೇ ಅಕ್ಕನ ಕೈಗೆ ಕೊಟ್ಟ. ಎಲ್ಲರೂ ಸುತ್ತ ನಿಂತೆವು.

ಅಕ್ಕ ನಿಧಾನ. ತುಂಬ ನಿಧಾನ. ಒಂದು ಕಡೆ ಎಡವಿದಳು, ಲೆಕ್ಕದವರು ಬೆಚ್ಚಿದರು. "ಗಾಬರಿ ಬೀಳ್ಬೇಡಿ, ಇದು ನನ್ನ ತಪ್ಪು" ಅಂದು ಹಿಂದೆ ಹೋಗಿ ಸರಿಯಾಗಿ ಓದಿದಳು. ಕೊನೆಯವರೆಗೂ ಓದಿದಳು. ಆಮೇಲೆ ಹಾಳೆ ಮಡಿಸಿ, "ನಿಮ್ಮ ಭಾಷೆ ಮಾತ್ರ ದೇವರೇ ಗತಿ. ನೀರು ಬರಲ್ಲ ಅನ್ನೋಕೆ ಇಷ್ಟುದ್ದ ಬೇಕಾ? ಓದೋರ ಬೆರಳು ಸವೆಯುತ್ತೆ" ಅಂದಳು. ಸಾಹೇಬರು "ಆಗಲಿ, ಚಿಕ್ಕದು ಮಾಡೋಣ" ಅಂದರು.

ಮಧ್ಯಾಹ್ನ ಹೊಸ ಸಿಸ್ಟಮಿಗೆ ದಾಟಿದೆವು. ಹಳೆಯದಕ್ಕೆ ಹಾರ ತರಲು ಯಾರಿಗೂ ನೆನಪಾಗಲಿಲ್ಲ.

ವಾಪಸು ಬರುವಾಗ ಡಾಕ್ಟರ ಹತ್ತಿರವೂ ಹೋದೆವು. ಎಡಗೈ ಕಿರುಬೆರಳು ಹಾಗೇ ಇದೆ, ಸಕ್ಕರೆ ಹಿಡಿತದಲ್ಲಿಡಬೇಕು. ಬಲಗೈ ಚೆನ್ನಾಗಿದೆ ಅಂದರು. "ನನಗೆ ಗೊತ್ತು" ಅಂದಳು ಅಕ್ಕ.

ಮಾರ್ಚ್ ೮, ಶನಿವಾರ

ಆಫೀಸಿನಲ್ಲಿ ಹೊಸ ಆಡಳಿತದ ಸಣ್ಣಪುಟ್ಟ ತಕರಾರು, ಬರೆಯುವಂಥದ್ದಲ್ಲ. ಮನೆಗೆ ಬಂದು ಬಾಗಿಲು ತೆರೆದರೆ ಕಾಲಿಡಲು ಜಾಗವಿಲ್ಲ. ಬಕೆಟ್ಟು, ಕೊಡ, ಬೋಗುಣಿ, ಕುಕ್ಕರು, ಕೊನೆಗೆ ನನ್ನ ಟೀ ಲೋಟ, ಎಲ್ಲದರಲ್ಲೂ ಕಂಠಮಟ್ಟ ನೀರು.

"ಏನಕ್ಕ ಇದು? ನಲ್ಲಿ ಏನಾದ್ರೂ ಮುರಿದುಹೋಯ್ತಾ?"

"ನಾಳೆ ನೀರಿಲ್ಲ."

"ಯಾರು ಹೇಳಿದ್ದು?"

"ಗೊತ್ತಿಲ್ವಾ ನಿನಗೆ? ನೀರಿನ ಆಫೀಸಲ್ಲಿ ಕೆಲಸ ಮಾಡೋದು ನೀನಾ, ನಾನಾ?"

ಮೇಜಿನ ಮೇಲೆ ಮಂಡಳಿಯ ದಪ್ಪ ಲಕೋಟೆ, ಒಡೆದದ್ದು. ಮೇಲೆ ಅಕ್ಕನ ಹೆಸರು. ಬುಧವಾರ ಬಂದಿದ್ದಾಗ ದೂರು ವಿಭಾಗದವಳ ಹತ್ತಿರ ತಾನೇ ಹೇಳಿ ಪಟ್ಟಿಗೆ ಸೇರಿಸಿಕೊಂಡಳಂತೆ. ನನಗೆ ಒಂದು ಮಾತೂ ಇಲ್ಲ. ದಿನಕ್ಕೆ ಸಾವಿರಗಟ್ಟಲೆ ಸೂಚನೆ ಅಚ್ಚು ಹಾಕಿಸುವವಳು ನಾನು, ಒಂದನ್ನೂ ಓದುವುದಿಲ್ಲ. ಅವಳು ಇಲ್ಲದಿದ್ದರೆ ನಾಳೆ ಹಲ್ಲುಜ್ಜಲೂ ಹನಿ ಇರುತ್ತಿರಲಿಲ್ಲ.

"ಎಷ್ಟು ಹೊತ್ತಿನವರೆಗೆ ಬರಲ್ಲ?" ಅಂತ ಕೇಳಿದೆ.

"ತಾಳು, ನೋಡಿ ಹೇಳ್ತೀನಿ."

ಹಾಳೆ ಎಳೆದುಕೊಂಡು ಸಾಲು ಹುಡುಕತೊಡಗಿದಳು. ನಾನು ಎರಡು ಬಕೆಟ್ಟುಗಳ ನಡುವೆ ನಿಂತು ಕಾದೆ.